ಮೊಣಕಾಲು ಕಸಿದುಕೊಂಡ ಕಾಲ: ಆಶಿಕ್ ಕುರುಣಿಯನ್ ನಡೆದ ಹಾದಿ

ಆಶಿಕ್ ಕುರುಣಿಯನ್ ಭಾರತ ಫುಟ್‌ಬಾಲ್ ತಂಡದ ಎಡಬದಿಯ ಆಟಗಾರ. ಹುಟ್ಟಿದ್ದು 1997ರ ಜೂನ್ 14ರಂದು, ಕೇರಳದ ಮಲಪ್ಪುರಂನಲ್ಲಿ. ಆಟ ಪಳಗಿದ್ದು ಪುಣೆಯಲ್ಲಿ, ಹೆಸರು ಗಟ್ಟಿಯಾದದ್ದು ಬೆಂಗಳೂರಿನಲ್ಲಿ. ಅವರ ಆಟದ ಮೂಲ ಬಂಡವಾಳ ಓಟ. ಚೆಂಡು ಕಾಲಲ್ಲಿದ್ದಾಗಲೂ ವೇಗ ತಗ್ಗಿಸದೆ ಎದುರಾಳಿಯ ಪಕ್ಕದಲ್ಲೇ ನುಸುಳಿಹೋಗುವುದು, ಒಮ್ಮೆಲೇ ನಿಂತು ದಿಕ್ಕು ಬದಲಿಸುವುದು ಅವರ ಹೆಗ್ಗುರುತು. ಹೀಗೆ ಆಡುವವರ ಮೊಣಕಾಲಿನ ಮೇಲೆ ಬೀಳುವ ಒತ್ತಡ ಬೇರೆಯವರಿಗಿಂತ ಹೆಚ್ಚು. 2023ರ ಸೆಪ್ಟೆಂಬರ್‌ನಲ್ಲಿ, 26ನೇ ವಯಸ್ಸಿನಲ್ಲಿ, ಅವರ ಮೊಣಕಾಲಿನ ಒಳಗಿನ ಒಂದು ಲಿಗಮೆಂಟ್ ಹರಿಯಿತು. ಆಟ ಅಲ್ಲಿಗೇ ಮುಗಿಯಲಿಲ್ಲ. ಆದರೆ ಆಟಗಾರನ ಬದುಕಿನಲ್ಲಿ ಮತ್ತೆ ಸಿಗದ ಒಂದು ವರ್ಷ ಹೋಯಿತು.

ಮಲಪ್ಪುರಂ ಹುಡುಗ ಪುಣೆಗೆ ಬಂದದ್ದು ಅಲ್ಲಿನ ಫುಟ್‌ಬಾಲ್ ಅಕಾಡೆಮಿಯ ಕಾರಣಕ್ಕೆ. ಪುಣೆಗೆ ಈ ಆಟ ಹೊಸದಲ್ಲ. ಬೆಂಗಳೂರಿನ ಹಲಸೂರಿನಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ (ಎಂಇಜಿ) ಕೇಂದ್ರ ಇರುವ ಹಾಗೆ ಪುಣೆಯ ಖಡಕಿಯಲ್ಲಿ ಬಾಂಬೆ ಎಂಜಿನಿಯರ್ ಗ್ರೂಪಿನ ಕೇಂದ್ರವಿದೆ. ಬ್ರಿಟಿಷ್ ಪಲ್ಟನ್ನುಗಳು ಬೀಡುಬಿಟ್ಟ ಕಡೆಯಲ್ಲೆಲ್ಲ ಫುಟ್‌ಬಾಲ್ ಬೇರೂರಿತು. ಬೆಂಗಳೂರಿನಲ್ಲಿ ದಂಡು ಪ್ರದೇಶದ ಗೌತಮಪುರ, ಆಸ್ಟಿನ್ ಟೌನ್ ಕಡೆ ಆದದ್ದೇ ಪುಣೆಯಲ್ಲಿ ಖಡಕಿ, ಕ್ಯಾಂಪ್ ಕಡೆ ಆಯಿತು. ಆದರೆ ದೇಶದ ಮೊದಲ ಸಾಲಿನ ವೃತ್ತಿಪರ ಕ್ಲಬ್ ಒಂದು ಪುಣೆಯಲ್ಲಿ ತಲೆಯೆತ್ತಲು 2007ರವರೆಗೆ ಕಾಯಬೇಕಾಯಿತು. ಆ ವರ್ಷ ಹುಟ್ಟಿದ ಪುಣೆ ಎಫ್‌ಸಿ 2012-13ರ ಐ-ಲೀಗಿನಲ್ಲಿ ಎರಡನೇ ಸ್ಥಾನಕ್ಕೆ ಬಂತು. ಅದಕ್ಕಿಂತ ದೊಡ್ಡ ಕೆಲಸವೆಂದರೆ ಅದು ಕಟ್ಟಿದ ವಸತಿ ಅಕಾಡೆಮಿ. ಬೇರೆ ಬೇರೆ ರಾಜ್ಯಗಳ ಹುಡುಗರಿಗೆ ಅಲ್ಲಿ ಊಟ, ಓದು, ತರಬೇತಿ ಒಂದೇ ಕಡೆ ಸಿಗುತ್ತಿತ್ತು. 2015ರಲ್ಲಿ ಕ್ಲಬ್ ಮುಚ್ಚಿತು. ಅಕಾಡೆಮಿಯನ್ನು ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಎಫ್‌ಸಿ ಪುಣೆ ಸಿಟಿ ತನ್ನದಾಗಿಸಿಕೊಂಡಿತು. ಹುಡುಗರೂ ಅದರೊಂದಿಗೆ ಹೊಸ ಮಾಲೀಕರ ಕೈಗೆ ಬಂದರು. ಅವರಲ್ಲಿ ಆಶಿಕ್ ಒಬ್ಬರು.

2016ರಲ್ಲಿ ಪುಣೆ ಸಿಟಿ ಅವರನ್ನು ಸ್ಪೇನಿಗೆ ಕಳಿಸಿತು, ವಿಲ್ಲಾರಿಯಲ್ ಕ್ಲಬ್ಬಿನ ಮೂರನೇ ತಂಡದಲ್ಲಿ ಎರವಲು ಆಟಗಾರನಾಗಿ. ಹತ್ತೊಂಬತ್ತರ ಭಾರತೀಯ ಹುಡುಗನೊಬ್ಬ ಸ್ಪೇನಿನ ದೊಡ್ಡ ಕ್ಲಬ್ಬಿನ ಅಂಗಳದಲ್ಲಿ ಅಲ್ಲಿನವರ ಜೊತೆ ಅಭ್ಯಾಸ ಮಾಡುವುದು ಆಗಲೂ ಈಗಲೂ ಅಪರೂಪ. ಮರಳಿ ಬಂದವರು 2017-18ರಲ್ಲಿ ಪುಣೆ ಸಿಟಿಯ ಮೊದಲ ತಂಡದಲ್ಲಿ ಆಡಿದರು. 2018ರ ಜೂನ್ 1ರಂದು ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧ ಭಾರತ ತಂಡಕ್ಕೆ ಕಾಲಿಟ್ಟರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಢಾಕಾದಲ್ಲಿ ನಡೆದ ದಕ್ಷಿಣ ಏಷ್ಯಾದ ಸ್ಯಾಫ್ ಕೂಟದಲ್ಲಿ ಶ್ರೀಲಂಕಾ ವಿರುದ್ಧ ದೇಶಕ್ಕಾಗಿ ಮೊದಲ ಗೋಲು ಬಂತು.

ಈ ಹುಡುಗನಲ್ಲಿ ಏನೋ ಇದೆ ಎಂದು ದೇಶಕ್ಕೆ ತೋರಿದ್ದು 2019ರ ಜನವರಿ 6ರಂದು, ಅಬುಧಾಬಿಯಲ್ಲಿ. ಏಷ್ಯಾ ಕಪ್ಪಿನ ಮೊದಲ ಪಂದ್ಯದಲ್ಲಿ ಎದುರಾಳಿ ಥಾಯ್ಲೆಂಡ್. ತರಬೇತುದಾರ ಸ್ಟೀಫನ್ ಕಾನ್‌ಸ್ಟಂಟೈನ್ ಈ ಹುಡುಗನನ್ನು ಮುನ್ಪಡೆಯಲ್ಲಿ ಸುನಿಲ್ ಛೆತ್ರಿಯ ಜೊತೆಗೆ ನಿಲ್ಲಿಸಿದ್ದರು. ಮೊದಲಾರ್ಧ 1-1. ವಿರಾಮ ಮುಗಿದು ಆಟ ಶುರುವಾಗುತ್ತಿದ್ದಂತೆಯೇ ಬಲಗಡೆಯಿಂದ ಉದಾಂತ ಸಿಂಗ್ ಓಡಿ ಬಂದು ಚೆಂಡನ್ನು ನೆಲಕ್ಕೊತ್ತಿ ಒಳಗೆ ಕಳಿಸಿದರು. ಗೋಲಿನ ಮುಂದೆ ರಕ್ಷಕರ ಗುಂಪಿನ ನಡುವೆ ಇದ್ದ ಆಶಿಕ್‌ಗೆ ಒದೆಯಲು ಜಾಗವಿರಲಿಲ್ಲ. ಚೆಂಡನ್ನು ನಿಲ್ಲಿಸಲೂ ಇಲ್ಲ, ತಿರುಗಿಯೂ ನೋಡಲಿಲ್ಲ, ಹಿಮ್ಮಡಿಯಿಂದ ಹಗುರವಾಗಿ ಹಿಂದಕ್ಕೆ ತಳ್ಳಿದರು. ಹಿಂದೆ ಛೆತ್ರಿ ಇದ್ದರು. ಬಂದ ಚೆಂಡನ್ನು ಬಂದಂತೆಯೇ ಬಾರಿಸಿ ಗೋಲು ಮಾಡಿದರು. ಭಾರತ 4-1ರಿಂದ ಗೆದ್ದಿತು. ಏಷ್ಯಾ ಕಪ್ಪಿನಲ್ಲಿ ಅದು 1964ರ ನಂತರದ ಮೊದಲ ಗೆಲುವು. ಮರುದಿನದ ಪತ್ರಿಕೆಗಳಲ್ಲಿ ಛೆತ್ರಿ 67 ಅಂತರರಾಷ್ಟ್ರೀಯ ಗೋಲುಗಳೊಂದಿಗೆ ಅಂದಿನ ಲೆಕ್ಕದಲ್ಲಿ ಮೆಸ್ಸಿಯನ್ನು ದಾಟಿದ ಸುದ್ದಿಯೇ ದೊಡ್ಡದಾಗಿತ್ತು, ಅದು ಸರಿಯೂ ಹೌದು. ಆದರೆ ಪಂದ್ಯ ನೋಡಿದವರ ನೆನಪಿನಲ್ಲಿ ಆ ಹಿಮ್ಮಡಿಯ ತಟ್ಟೂ ಉಳಿದಿದೆ. ಇಪ್ಪತ್ತೊಂದರ ಹುಡುಗನಿಗೆ ಅಂಥ ಇಕ್ಕಟ್ಟಿನಲ್ಲಿ ಅಷ್ಟು ಸಮಾಧಾನ ಇರುವುದು ಕಲಿಸಿ ಬರುವಂಥದ್ದಲ್ಲ.

ಅದೇ ವರ್ಷ ಪುಣೆ ಸಿಟಿ ಕ್ಲಬ್ಬೂ ಮುಚ್ಚಿತು. ಆಶಿಕ್ ಆಗಿನ ಐಎಸ್‌ಎಲ್ ಚಾಂಪಿಯನ್ ಬೆಂಗಳೂರು ಎಫ್‌ಸಿಗೆ ಬಂದರು. ಕಾರ್ಲೆಸ್ ಕ್ವಾದ್ರಾತ್ ಅವರ ತರಬೇತಿಯಲ್ಲಿ ಎಡ ಮುನ್ಪಡೆಯಲ್ಲೂ, ಬೇಕಾದಾಗ ಎಡ ಹಿಂಪಡೆಯಲ್ಲೂ ಆಡಿದರು. ದಾಳಿ ಮಾಡುವವನು ರಕ್ಷಣೆಯನ್ನೂ ಕಲಿತದ್ದು ಅವರ ಆಟಕ್ಕೆ ಲಾಭವೇ ಆಯಿತು, ಅದರ ಜೊತೆಗೆ ಓಡಬೇಕಾದ ದೂರವೂ ಹೆಚ್ಚಿತು. 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಅಫ್ಘಾನಿಸ್ತಾನದ ವಿರುದ್ಧ ಏಷ್ಯಾ ಕಪ್ ಅರ್ಹತಾ ಪಂದ್ಯ ಕೊನೆಯ ನಿಮಿಷಗಳಲ್ಲಿ 1-1 ಆಗಿದ್ದಾಗ ಸಹಲ್ ಅಬ್ದುಲ್ ಸಮದ್‌ಗೆ ಗೆಲುವಿನ ಚೆಂಡು ಕೊಟ್ಟವರು ಆಶಿಕ್. ಅದೇ ತಿಂಗಳು ಕೋಲ್ಕತ್ತದ ಮೋಹನ್ ಬಾಗಾನ್ ತಂಡ ಅವರನ್ನು ಬೆಂಗಳೂರಿನಿಂದ ಕರೆದುಕೊಂಡಿತು. 2023ರ ಮಾರ್ಚ್ 18ರಂದು ಗೋವಾದ ಫತೋರ್ಡದಲ್ಲಿ ಐಎಸ್‌ಎಲ್ ಫೈನಲ್ ನಡೆದಾಗ ಎದುರಿಗಿದ್ದದ್ದು ಅವರ ಹಳೆಯ ತಂಡವೇ. 2-2ರ ಸಮಬಲದ ನಂತರ ಪೆನಾಲ್ಟಿಯಲ್ಲಿ ಬೆಂಗಳೂರು ಸೋತಿತು.

2023ರ ಬೇಸಿಗೆ, ಮಳೆಗಾಲ ಆಶಿಕ್ ಪಾಲಿಗೆ ಒಳ್ಳೆಯ ಕಾಲ. ಜೂನ್-ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಕೂಟ ನಡೆದಾಗ ಅವರು ತಂಡದ ಎಡಬದಿಯಲ್ಲಿದ್ದರು. ಜುಲೈ 4ರ ಫೈನಲ್‌ನಲ್ಲಿ ಕುವೈತ್ ವಿರುದ್ಧ ಭಾರತ ಪೆನಾಲ್ಟಿಯಲ್ಲಿ ಗೆದ್ದು ಪ್ರಶಸ್ತಿ ಹಿಡಿಯಿತು. ಮುಂದಿನ ಜನವರಿಯಲ್ಲಿ ಕತಾರ್‌ನಲ್ಲಿ ಏಷ್ಯಾ ಕಪ್ ಇತ್ತು. ತರಬೇತುದಾರ ಇಗೊರ್ ಸ್ಟಿಮಾಕ್ ಅವರ ಲೆಕ್ಕಾಚಾರದಲ್ಲಿ ಎಡಬದಿಯ ಜಾಗಕ್ಕೆ ಆಶಿಕ್ ಹೆಸರು ಗಟ್ಟಿಯಾಗಿತ್ತು. ಸೆಪ್ಟೆಂಬರ್‌ನಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಡೆದ ಕಿಂಗ್ಸ್ ಕಪ್‌ಗೆ ತಂಡ ಹೋಯಿತು. ಅಲ್ಲಿ ಅವರ ಎಸಿಎಲ್ ಹರಿಯಿತು.

ಎಸಿಎಲ್ ಎಂದರೆ ಮೊಣಕಾಲಿನ ನಡುವೆ ಇರುವ ಲಿಗಮೆಂಟ್, ಅಂದರೆ ಮೂಳೆಗೂ ಮೂಳೆಗೂ ಗಂಟುಹಾಕುವ ಗಟ್ಟಿ ನಾರಿನ ಪಟ್ಟಿ. ತೊಡೆಯ ಮೂಳೆ ಮತ್ತು ಮೊಣಕಾಲ ಕೆಳಗಿನ ಮೂಳೆಯ ನಡುವೆ ಇಂಥ ಎರಡು ಪಟ್ಟಿಗಳು ಒಂದನ್ನೊಂದು ಅಡ್ಡಹಾಯ್ದು ಕೂತಿವೆ. ಮುಂದಿನದು ಎಸಿಎಲ್. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮೊಣಕಾಲು ಅತಿಯಾಗಿ ತಿರುಚದಂತೆ ಹಿಡಿದಿಡುವುದು ಅದರ ಕೆಲಸ. ನೇರ ನಡೆಯುವಾಗ ಅದರ ಮೇಲೆ ಹೆಚ್ಚು ಭಾರವಿಲ್ಲ. ಓಡುತ್ತಿದ್ದವನು ತಟ್ಟನೆ ನಿಂತಾಗ, ಊರಿದ ಪಾದ ನೆಲ ಕಚ್ಚಿ ನಿಂತು ಮೈ ಬೇರೆ ಕಡೆ ತಿರುಗಿದಾಗ, ಜಿಗಿದು ಒಂಟಿಕಾಲಲ್ಲಿ ಇಳಿದಾಗ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಮೊಣಕಾಲು ಒಳಕ್ಕೆ ವಾಲಿತೋ, ಪಟ್ಟಿ ಹರಿಯುತ್ತದೆ. ಎದುರಾಳಿ ಒದ್ದು ಹರಿಯುವುದಕ್ಕಿಂತ ಯಾರೂ ಮುಟ್ಟದೆಯೇ ಹರಿಯುವುದು ಹೆಚ್ಚು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಒಳಗೆ ‘ಟಪ್’ ಎಂದು ಏನೋ ಕಿತ್ತುಹೋದಂತೆ ಕೇಳಿಸಿತು ಎಂದು ಅನೇಕ ಆಟಗಾರರು ಹೇಳುತ್ತಾರೆ. ಕೆಲವೇ ಗಂಟೆಗಳಲ್ಲಿ ರಕ್ತ ತುಂಬಿ ಮೊಣಕಾಲು ಊದಿಕೊಳ್ಳುತ್ತದೆ. ನೋವು ಒಂದೆರಡು ವಾರಗಳಲ್ಲಿ ಇಳಿದು ನಡೆಯಲು ಬರುವುದರಿಂದ ‘ಉಳುಕಿರಬೇಕು’ ಎಂದುಕೊಂಡು ಮತ್ತೆ ಮೈದಾನಕ್ಕಿಳಿಯುವವರು ಈಗಲೂ ಇದ್ದಾರೆ. ಹಾಗೆ ಇಳಿದಾಗ ಹಿಡಿತವಿಲ್ಲದ ಮೊಣಕಾಲು ಮತ್ತೆ ಮತ್ತೆ ಜಾರಿ, ಎರಡು ಮೂಳೆಗಳ ನಡುವೆ ಮೆತ್ತೆಯಂತೆ ಕೂತ ಮೆನಿಸ್ಕಸ್ ಕೂಡ ಹರಿಯಬಹುದು. ಎಷ್ಟೋ ಆಟಗಾರರಲ್ಲಿ ನಲವತ್ತಕ್ಕೆಲ್ಲ ಕೀಲು ಸವೆತ ಶುರುವಾಗುವುದು ಹೀಗೆಯೇ.

ಚರ್ಮದ ಗಾಯ ಮಾಯುವ ಹಾಗೆ ಪೂರ್ತಿ ಹರಿದ ಎಸಿಎಲ್ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಕೀಲಿನ ದ್ರವದಲ್ಲಿ ಮುಳುಗಿರುವುದರಿಂದ ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಲ್ಲುವುದಿಲ್ಲ. ಆದ್ದರಿಂದ ವೈದ್ಯರು ಹೊಸ ಪಟ್ಟಿಯನ್ನೇ ಹಾಕುತ್ತಾರೆ. ತೊಡೆಯ ಹಿಂಭಾಗದ ಸ್ನಾಯುರಜ್ಜುವನ್ನೋ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಒಂದು ಸೀಳನ್ನೋ ಆಟಗಾರನ ಮೈಯಿಂದಲೇ ತೆಗೆದು, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ, ಎರಡೂ ಮೂಳೆಗಳಲ್ಲಿ ಸುರಂಗ ಕೊರೆದು ಅದನ್ನು ಕೂರಿಸುತ್ತಾರೆ. ಶಸ್ತ್ರಕ್ರಿಯೆ ಒಂದೆರಡು ಗಂಟೆಯ ಕೆಲಸ. ನಿಜವಾದ ಕೆಲಸ ಅದರ ಮರುದಿನ ಶುರುವಾಗುತ್ತದೆ.

ಆ ದಿನದ ವ್ಯಾಯಾಮ ನೋಡಿದರೆ ಇದೂ ಒಂದು ವ್ಯಾಯಾಮವೇ ಎನಿಸಬಹುದು. ಆಟಗಾರ ಹಾಸಿಗೆಯ ಮೇಲೆ ಕಾಲು ಚಾಚಿ ಕೂರುತ್ತಾನೆ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್. ಮೊಣಕಾಲನ್ನು ಕೆಳಕ್ಕೊತ್ತಿ ತೊಡೆಯ ಸ್ನಾಯುವನ್ನು ಬಿಗಿಹಿಡಿಯಬೇಕು, ಐದು ಎಣಿಸಿ ಬಿಡಬೇಕು, ಮತ್ತೆ ಒತ್ತಬೇಕು. ನಿನ್ನೆ ಮೊನ್ನೆ ತೊಂಬತ್ತು ನಿಮಿಷ ಓಡುತ್ತಿದ್ದವನಿಗೆ ಇಂದು ಆ ಸ್ನಾಯು ಮಾತು ಕೇಳುವುದಿಲ್ಲ. ಕೆಲವೇ ವಾರಗಳಲ್ಲಿ ಆ ತೊಡೆ ಇನ್ನೊಂದಕ್ಕಿಂತ ಸಣ್ಣಗಾಗಿರುತ್ತದೆ, ಅಳತೆಪಟ್ಟಿ ಸುತ್ತಿ ನೋಡಿದರೆ ಎದ್ದು ಕಾಣುತ್ತದೆ. ಊರುಗೋಲು ಬಿಟ್ಟು ನಡಿಗೆ, ಆಮೇಲೆ ನಿಂತಲ್ಲೇ ತುಳಿಯುವ ಸೈಕಲ್, ಮೂರು ನಾಲ್ಕು ತಿಂಗಳ ಹೊತ್ತಿಗೆ ನೇರ ಓಟ, ಅದು ಸಲೀಸಾದ ಮೇಲೆ ತಿರುವು, ಜಿಗಿತ, ಕೊನೆಗೆ ಚೆಂಡು. ಎಲ್ಲಕ್ಕಿಂತ ಕಷ್ಟದ್ದು ತಾಳ್ಮೆ. ಕಸಿ ಮಾಡಿದ ರಜ್ಜು ಮೊದಲ ತಿಂಗಳುಗಳಲ್ಲಿ ಗಟ್ಟಿಯಾಗುವ ಬದಲು ಸಡಿಲವಾಗುತ್ತದೆ, ಅದರೊಳಕ್ಕೆ ಹೊಸ ರಕ್ತನಾಳಗಳು ಹಬ್ಬಿ ಅದು ಲಿಗಮೆಂಟಿನ ಗುಣ ಪಡೆಯಲು ತಿಂಗಳುಗಟ್ಟಲೆ ಬೇಕು. ಆಟಗಾರನಿಗೆ ನೋವೇ ಇರುವುದಿಲ್ಲ, ಓಡಬಲ್ಲೆ ಅನಿಸುತ್ತದೆ, ಆದರೆ ಒಳಗಿನ ಪಟ್ಟಿ ಇನ್ನೂ ಎಳಸು. ಒಂಬತ್ತು ತಿಂಗಳಿಗೆ ಮೊದಲು ಪಂದ್ಯಕ್ಕೆ ಮರಳಿದವರಲ್ಲಿ ಮತ್ತೆ ಗಾಯವಾಗುವ ಪ್ರಮಾಣ ಬಹಳ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಅದಕ್ಕೇ ಈಗ ದಿನ ಎಣಿಸುವುದರ ಜೊತೆಗೆ ಪರೀಕ್ಷೆಯನ್ನೂ ಮಾಡುತ್ತಾರೆ. ಗಾಯವಾದ ಕಾಲಿನ ಬಲ, ಒಂಟಿಕಾಲ ಜಿಗಿತದ ದೂರ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಆಗಿರಬೇಕು.

ಈ ಒಂಬತ್ತು ತಿಂಗಳು ಆಶಿಕ್ ವಿಷಯದಲ್ಲಿ ಯಾವಾಗ ಬಂತು ಎಂಬುದರಲ್ಲೇ ಅದರ ಬೆಲೆ ಇದೆ. ಸೆಪ್ಟೆಂಬರ್‌ನಲ್ಲಿ ಗಾಯ, ಜನವರಿಯಲ್ಲಿ ಏಷ್ಯಾ ಕಪ್. ಅವರ ಜೊತೆಗೆ ಅನ್ವರ್ ಅಲಿ, ಜೀಕ್ಸನ್ ಸಿಂಗ್ ಕೂಡ ಗಾಯದಿಂದ ಹೊರಗುಳಿದರು. ಕತಾರ್‌ನಲ್ಲಿ ಭಾರತ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂರೂ ತಂಡಗಳಿಗೆ ಸೋತು ಒಂದೂ ಗೋಲು ಗಳಿಸದೆ ಮರಳಿತು. ಆಶಿಕ್ ಇದ್ದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು ಎನ್ನುವುದು ಅತಿಯಾದೀತು. ಆದರೆ ಎದುರಾಳಿಯನ್ನು ಒಬ್ಬಂಟಿಯಾಗಿ ದಾಟಿಹೋಗಬಲ್ಲ ಆಟಗಾರರೇ ವಿರಳವಾದ ತಂಡಕ್ಕೆ ಅಂಥವನೊಬ್ಬ ಇಲ್ಲದಿರುವುದು ಸಣ್ಣ ಕೊರತೆಯಲ್ಲ. ಏಷ್ಯಾ ಕಪ್ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ವೇಗವನ್ನೇ ನಂಬಿದ ಆಟಗಾರನಿಗೆ 26, 27 ವಯಸ್ಸು ಎಂದರೆ ಮೈಬಲವೂ ಆಟದ ತಿಳಿವಳಿಕೆಯೂ ಒಟ್ಟಿಗೆ ಕೂಡಿಬರುವ ಕಾಲ.

ಆ ಏಷ್ಯಾ ಕಪ್ಪಿನಲ್ಲೇ ಇನ್ನೊಬ್ಬರ ಮೊಣಕಾಲಿಗೂ ಪೆಟ್ಟು ಬಿತ್ತು. ರಕ್ಷಣಾ ಆಟಗಾರ ಸಂದೇಶ್ ಜಿಂಗನ್ ಸಿರಿಯಾ ವಿರುದ್ಧದ ಪಂದ್ಯದಲ್ಲಿ ಮೊಣಕಾಲಿನ ಗಾಯದಿಂದ ಹೊರನಡೆದರು, ಆ ಋತುವಿನ ಉಳಿದ ಪಂದ್ಯಗಳೆಲ್ಲ ಹೋದವು. ಅವರಿಗೆ ಇದು ಮೊದಲನೆಯದಲ್ಲ. 2019ರ ಅಕ್ಟೋಬರ್‌ನಲ್ಲಿ ಗುವಾಹಟಿಯಲ್ಲಿ ರಾಷ್ಟ್ರೀಯ ತಂಡ ಆಡಿದ ಒಂದು ಅಭ್ಯಾಸ ಪಂದ್ಯದಲ್ಲಿ ಎಸಿಎಲ್ ಹರಿದು 2019-20ರ ಇಡೀ ಋತು ಕೈತಪ್ಪಿತ್ತು. ಅದರಿಂದ ಎದ್ದು ಬಂದು 2020-21ರಲ್ಲಿ ದೇಶದ ವರ್ಷದ ಆಟಗಾರನಾದರು. ನಂತರ ಕ್ರೊಯೇಷ್ಯಾದ ಶಿಬೆನಿಕ್ ಕ್ಲಬ್ ಸೇರಿದರೂ ಅಲ್ಲಿ ಮತ್ತೆ ಗಾಯವಾಗಿ ಒಂದೂ ಪಂದ್ಯ ಆಡದೆ 2022ರ ಆರಂಭದಲ್ಲಿ ಹಿಂತಿರುಗಬೇಕಾಯಿತು. ಯುರೋಪಿನ ಲೀಗಿನಲ್ಲಿ ಭಾರತೀಯನೊಬ್ಬ ನೆಲೆಯೂರುವುದನ್ನು ನೋಡಲು ಕಾದಿದ್ದವರಿಗೆಲ್ಲ ಅದು ನಿರಾಸೆ ತಂದ ಸುದ್ದಿ.

ಇಷ್ಟಾದರೂ ಆಶಿಕ್, ಜಿಂಗನ್ ತಲೆಮಾರು ಹಿಂದಿನವರಿಗಿಂತ ಅದೃಷ್ಟವಂತರೇ. ಇಂಗ್ಲೆಂಡಿನ ಬ್ರಯಾನ್ ಕ್ಲಫ್ ಇದಕ್ಕೆ ಸಾಕ್ಷಿ. 1962ರ ಡಿಸೆಂಬರ್ 26ರಂದು ಸಂಡರ್‌ಲ್ಯಾಂಡ್ ತಂಡದ ಪರ ಬರಿ ಎಂಬ ಕ್ಲಬ್ಬಿನ ವಿರುದ್ಧ ಆಡುತ್ತಿದ್ದಾಗ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದು ಅವರ ಮೊಣಕಾಲಿನ ಲಿಗಮೆಂಟುಗಳು ಹರಿದವು. ಆಗ ಅವರಿಗೆ 27 ವರ್ಷ. 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದ ಆಟಗಾರ! ಕೀಲಿನೊಳಗೆ ಹೊಸ ಪಟ್ಟಿ ಕೂರಿಸುವ ಇಂದಿನ ವಿಧಾನ ಆಗ ಇರಲಿಲ್ಲ. ಸುಮಾರು ಎರಡು ವರ್ಷ ಕಾದು ಮರಳಿದವರು ಮೂರೇ ಪಂದ್ಯ ಆಡಿ ನಿಲ್ಲಿಸಿದರು. ಮುಂದೆ ತರಬೇತುದಾರನಾಗಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಕ್ಕೆ ಎರಡು ಬಾರಿ ಯುರೋಪಿಯನ್ ಕಪ್ ಗೆದ್ದುಕೊಟ್ಟರು ಎನ್ನುವುದು ಬೇರೆ ಕಥೆ. ಇಂದು ಇದೇ ಗಾಯವಾದ ಯುರೋಪಿನ ಅಗ್ರ ಕ್ಲಬ್‌ಗಳ ಆಟಗಾರರಲ್ಲಿ ಶೇ 90ಕ್ಕೂ ಹೆಚ್ಚು ಜನ ಒಂದು ವರ್ಷದೊಳಗೆ ಆಟಕ್ಕೆ ಮರಳುತ್ತಾರೆ. ಆದರೆ ಮೂರು ವರ್ಷದ ನಂತರವೂ ಅದೇ ಎತ್ತರದಲ್ಲಿ ಆಡುತ್ತಿದ್ದವರು ಸುಮಾರು ಶೇ 65 ಮಾತ್ರ ಎಂದು 2016ರಲ್ಲಿ ಪ್ರಕಟವಾದ ದೀರ್ಘ ಅಧ್ಯಯನ ಹೇಳಿತು. ಮರಳುವುದು ಒಂದು, ಮೊದಲಿನಂತೆಯೇ ಉಳಿಯುವುದು ಇನ್ನೊಂದು.

ಆಶಿಕ್ 2024-25ರಲ್ಲಿ ಮರಳಿದರು. ಮೋಹನ್ ಬಾಗಾನ್ ಆ ವರ್ಷ ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಸಿಗುವ ಶೀಲ್ಡನ್ನೂ ಐಎಸ್‌ಎಲ್ ಕಪ್ಪನ್ನೂ ಗೆದ್ದಿತು. ಕಪ್ಪಿನ ಫೈನಲ್‌ನಲ್ಲಿ ಈ ಸಲವೂ ಸೋತದ್ದು ಬೆಂಗಳೂರು. ಆಶಿಕ್‌ಗೆ ಭಾರತ ತಂಡದ ಕರೆಯೂ ಬಂತು. 2025ರ ಜೂನ್ 10ರಂದು ಹಾಂಗ್‌ಕಾಂಗ್ ವಿರುದ್ಧದ ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಮೊದಲಾರ್ಧದಲ್ಲಿ ಸಿಕ್ಕ ಒಳ್ಳೆಯ ಅವಕಾಶವೊಂದು ಅವರ ಕಾಲಿಂದ ತಪ್ಪಿಹೋಯಿತು. ಕೊನೆಯ ಕ್ಷಣದ ಪೆನಾಲ್ಟಿಯಿಂದ ಭಾರತ 0-1ರಲ್ಲಿ ಸೋತಿತು. ಟೀಕೆ ಜೋರಾಗಿಯೇ ಬಂತು. ದೀರ್ಘ ಗಾಯದಿಂದ ಮರಳಿದವರ ಬಗ್ಗೆ ವೈದ್ಯರು ಮತ್ತೆ ಮತ್ತೆ ಹೇಳುವ ಒಂದು ಮಾತು ಇಲ್ಲಿ ನೆನೆಯಬೇಕು: ಸ್ನಾಯುವಿಗೆ ಬಲ ಬಂದ ಮೇಲೂ ಪಂದ್ಯದ ಲಯ, ಮೊಣಕಾಲಿನ ಮೇಲಿನ ಭರವಸೆ ಕೂಡಿಬರಲು ಹೆಚ್ಚು ಕಾಲ ಬೇಕು. ಅದಕ್ಕೆ ಬೇಕಾದ್ದು ಸತತವಾಗಿ ಆಡುವ ಅವಕಾಶ. ಅದೇ ವರ್ಷ ಆಶಿಕ್ ಮತ್ತೆ ಬೆಂಗಳೂರು ಎಫ್‌ಸಿ ಸೇರಿದರು.

ಇಂಥ ಗಾಯದ ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಹಳೆಯದು. ದೇಶಕ್ಕಾಗಿ ಆಡುವಾಗ ಗಾಯವಾದರೆ ಸಂಬಳ ಕೊಡುವುದು ಕ್ಲಬ್, ಆಟಗಾರನನ್ನು ಕಳೆದುಕೊಳ್ಳುವುದೂ ಕ್ಲಬ್. ಈ ಜಗಳ ಜಗತ್ತಿನೆಲ್ಲೆಡೆ ಇದ್ದದ್ದರಿಂದ ಫಿಫಾ 2012ರಲ್ಲಿ ಒಂದು ರಕ್ಷಣಾ ಯೋಜನೆ ತಂದಿತು. ಅಂತರರಾಷ್ಟ್ರೀಯ ಪಂದ್ಯಗಳಿಗೆಂದು ಮೀಸಲಾದ ದಿನಗಳಲ್ಲಿ ಗಾಯಗೊಂಡ ಆಟಗಾರ 28 ದಿನಕ್ಕಿಂತ ಹೆಚ್ಚು ಕಾಲ ಹೊರಗುಳಿದರೆ ಅವನ ಸಂಬಳದ ಹೊರೆಯನ್ನು ಕ್ಲಬ್ಬಿಗೆ ತುಂಬಿಕೊಡುವ ವ್ಯವಸ್ಥೆ ಅದು. ಆದರೆ ಇದು ಮೇಲಿನ ಮೆಟ್ಟಿಲಿನ ಮಾತು. ಬೆಂಗಳೂರಿನ ಡಿವಿಷನ್ ಲೀಗುಗಳಲ್ಲಿ, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡುವ ಹುಡುಗನ ಮೊಣಕಾಲಿಗೆ ಅಂಥ ಆಸರೆ ಇಲ್ಲ. ಒಂದು ಕಾಲದಲ್ಲಿ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು ಆಟಗಾರರಿಗೆ ಕೆಲಸ ಕೊಡುತ್ತಿದ್ದವು. ಕಾಲು ಕೆಟ್ಟರೂ ತಿಂಗಳ ಸಂಬಳ ನಿಲ್ಲುತ್ತಿರಲಿಲ್ಲ, ಕಾರ್ಖಾನೆಯ ಆಸ್ಪತ್ರೆ ಇರುತ್ತಿತ್ತು. ಆ ತಂಡಗಳು ಸೊರಗಿ ಒಪ್ಪಂದದ ಆಟ ಬಂದಾಗ ಹಣ ಹೆಚ್ಚಿತು, ಕೆಳಹಂತದವರ ಆ ಭದ್ರತೆ ಹೋಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ಸಂಭ್ರಮಿಸಿದ ನಾಡು ಅಂಥ ಆಟಗಾರರ ಚಿಕಿತ್ಸೆಯ ಬಗ್ಗೆಯೂ ಅಷ್ಟೇ ಕಾಳಜಿಯಿಂದ ಯೋಚಿಸಬೇಕು.

ಚಿಕಿತ್ಸೆಯ ಸೌಲಭ್ಯ ರಾಜ್ಯದಲ್ಲಿ ಇಲ್ಲವೆಂದಲ್ಲ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕ್ರೀಡಾವಿಜ್ಞಾನ, ಗಾಯದ ನಂತರದ ಪುನಶ್ಚೇತನ ಎರಡಕ್ಕೂ ವ್ಯವಸ್ಥೆ ಇದೆ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಯ ಹುಡುಗರು ಬೆಳೆದದ್ದು ಅಲ್ಲೇ. ಬೆಂಗಳೂರಿನಲ್ಲಿ ಪಡುಕೋಣೆ-ದ್ರಾವಿಡ್ ಕೇಂದ್ರದಂಥ ಕಡೆಗಳಲ್ಲೂ ಕ್ರೀಡಾವೈದ್ಯರು, ಫಿಸಿಯೊಗಳು ಇದ್ದಾರೆ. ಇವೆಲ್ಲ ಎಲ್ಲರ ಕೈಗೆಟುಕುವುದಿಲ್ಲ. ಆದರೆ ಗಾಯ ಆಗದಂತೆ ನೋಡಿಕೊಳ್ಳುವ ದಾರಿಗೆ ಅಷ್ಟು ಖರ್ಚು ಬೇಕಿಲ್ಲ. ಫಿಫಾ ರೂಪಿಸಿದ ‘11+’ ಎಂಬ ಅಭ್ಯಾಸ ಕ್ರಮದಲ್ಲಿ ನಿಧಾನ ಓಟ, ಒಂಟಿಕಾಲಲ್ಲಿ ನಿಂತು ಸಮತೋಲ ಕಾಯುವುದು, ಮಂಡಿ ಒಳಕ್ಕೆ ವಾಲದಂತೆ ಬಸ್ಕಿ, ಜಿಗಿದು ಮೆತ್ತಗೆ ಇಳಿಯುವುದು, ತೊಡೆಯ ಹಿಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ ಇವೆ. ಅಭ್ಯಾಸಕ್ಕೆ ಮೊದಲು ಇಪ್ಪತ್ತು ನಿಮಿಷ, ವಾರಕ್ಕೆ ಕನಿಷ್ಠ ಎರಡು ಬಾರಿ. ಚೆಂಡು ಬಿಟ್ಟರೆ ಬೇರೆ ಸಲಕರಣೆ ಬೇಡ. ಇದನ್ನು ತಪ್ಪದೆ ಮಾಡುವ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದು ಪಾಲಿನಷ್ಟು ತಗ್ಗಿವೆ. ಹದಿನಾಲ್ಕು ತುಂಬಿದ ಹುಡುಗ ಹುಡುಗಿಯರಿಂದ ಹಿಡಿದು ದೊಡ್ಡವರವರೆಗೆ ಯಾರು ಬೇಕಾದರೂ ಮಾಡಬಹುದು, ಅದಕ್ಕಿಂತ ಚಿಕ್ಕ ಮಕ್ಕಳಿಗೆ ಬೇರೆಯದೇ ಸರಳ ಕ್ರಮವಿದೆ. ಹುಡುಗಿಯರಲ್ಲಿ ಎಸಿಎಲ್ ಹರಿಯುವ ಅಪಾಯ ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚಿರುವುದರಿಂದ, ಫುಟ್‌ಬಾಲ್ ಜೊತೆಗೆ ಕಬಡ್ಡಿ, ಕೊಕ್ಕೊ ಆಡಿಸುವ ಶಾಲೆಗಳ ದೈಹಿಕ ಶಿಕ್ಷಕರೂ ಇದನ್ನು ಕಲಿಯುವುದು ಒಳ್ಳೆಯದು. ಬಿದ್ದ ಆಟಗಾರನ ಮೊಣಕಾಲು ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ತೂಕ ಹಾಕಿದಾಗ ಜಾರಿದಂತೆ ಅನಿಸಿದರೆ, ಎಣ್ಣೆ ಹಚ್ಚಿ ನೀವುವುದನ್ನು ಬಿಟ್ಟು ಮೂಳೆತಜ್ಞರಿಗೆ ತೋರಿಸಿ ಎಂಆರ್‌ಐ ಬೇಕೇ ಎಂದು ಕೇಳಬೇಕು.